ಬೈಬಲ್ ಓದಿಗೆ ಜೊತೆ ಪುಸ್ತಕ: ವ್ಯಾಖ್ಯಾನ ಕಡೆಗಿರಲಿ

ಮೈಸೂರಿನಲ್ಲಿ ಬೈಬಲ್ ಓದುವವರು ಒಂದೇ ಥರದವರಲ್ಲ. ಸಂತ ಫಿಲೋಮಿನಾ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಮನೆಯಲ್ಲಿ ಓದುವವರಿದ್ದಾರೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟರದು) ಸಭೆಗಳಲ್ಲಿ ಸಂಡೇ ಸ್ಕೂಲ್ ಪಾಠಕ್ಕೆ ಶನಿವಾರ ರಾತ್ರಿ ಕೂತು ತಯಾರಾಗುವ ಟೀಚರುಗಳಿದ್ದಾರೆ. ಬಡಾವಣೆಯ ಯಾರದೋ ಮನೆ ಹಾಲಿನಲ್ಲಿ ಸೇರುವ ಸಣ್ಣ ಪ್ರಾರ್ಥನಾ ಗುಂಪುಗಳಿವೆ. ಮಾನಸಗಂಗೋತ್ರಿಯಲ್ಲಿ ಕ್ರೈಸ್ತ ಧರ್ಮದ ಅಧ್ಯಯನಕ್ಕೇ ಒಂದು ವಿಭಾಗವಿದೆ. ಚರ್ಚಿನ ಮೆಟ್ಟಿಲು ಹತ್ತದಿದ್ದರೂ ಸಾಹಿತ್ಯ, ಇತಿಹಾಸ ಅಂತ ಓದುವವರೂ ಕಡಿಮೆಯಿಲ್ಲ. ಇವರೆಲ್ಲ ಒಂದಲ್ಲ ಒಂದು ದಿನ ಒಂದೇ ಪ್ರಶ್ನೆ ಕೇಳುತ್ತಾರೆ: "ಬರೀ ಬೈಬಲ್ ಓದಿದರೆ ಅರ್ಧಕ್ಕರ್ಧ ಅರ್ಥ ಆಗಲ್ಲ. ಜೊತೆಗೆ ಯಾವ ಪುಸ್ತಕ ತಗೊಳ್ಳಲಿ?"

ಇದು ಈಗಿನ ಪ್ರಶ್ನೆ ಅಂದುಕೊಳ್ಳಬೇಡಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರ ನಡುವೆ ಕೆಲಸ ಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಇದೇ ತಕರಾರು ಎತ್ತಿದ್ದರು. ಹಿನ್ನೆಲೆ ತಿಳಿಸದೆ ಸುಮ್ನೆ ಬೈಬಲ್ ಹಂಚಿದರೆ ಜನಕ್ಕೆ ಅರ್ಥವಾಗುವುದಿಲ್ಲ, ಆಗಿನ ದೇಶಭಾಷೆಗಳ ಅನುವಾದಗಳೂ ಚೆನ್ನಾಗಿಲ್ಲ ಅನ್ನುವುದು ಅವರ ವಾದ. ಅವರ ಉಳಿದ ತೀರ್ಮಾನಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಆ ಮೊದಲ ಮಾತನ್ನು ತಳ್ಳಿಹಾಕುವುದು ಕಷ್ಟ. ಬೈಬಲ್ ಸುಮಾರು ಎರಡು ಸಾವಿರ ವರ್ಷ, ಅದಕ್ಕೂ ಹಿಂದಿನ ಇನ್ನೊಂದು ದೇಶದ ಪುಸ್ತಕ. ಅಲ್ಲಿನ ಊರು, ಹಣ, ಹಬ್ಬ, ಜಗಳ ಯಾವುದೂ ನಮಗೆ ಗೊತ್ತಿಲ್ಲ.

"ಯಾವ ಪುಸ್ತಕ" ಅಂತ ಕೇಳಿದಾಗ ಸಾಮಾನ್ಯವಾಗಿ ಬರುವ ಉತ್ತರ "ಒಳ್ಳೇ ವ್ಯಾಖ್ಯಾನ ತಗೊಳ್ಳಿ" ಅಂತ. ಸಭೆಯ ಸಣ್ಣ ಲೈಬ್ರರಿ ನೋಡಿಕೊಳ್ಳುವ ನನ್ನ ಅಭಿಪ್ರಾಯ ತದ್ವಿರುದ್ಧ. ವ್ಯಾಖ್ಯಾನವನ್ನು ಕಡೆಗೆ ಕೊಳ್ಳಿ. ಮೊದಲು ಇನ್ನೊಂದು ಅನುವಾದ, ಆಮೇಲೆ ಬೈಬಲ್ ಡಿಕ್ಷನರಿ, ಜೊತೆಗೆ ನಕ್ಷೆ. ಇವು ಮಾಹಿತಿ ಕೊಡುತ್ತವೆ. ವ್ಯಾಖ್ಯಾನ ತೀರ್ಮಾನ ಕೊಡುತ್ತದೆ. ಮಾಹಿತಿ ಇಲ್ಲದೆ ತೀರ್ಮಾನ ಓದಿದರೆ ಅದು ಸರಿಯೋ ತಪ್ಪೋ ಅಂತ ಅಳೆಯುವುದಕ್ಕೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಒಂದು ಕಥೆ ಹಿಡಿದು ನೋಡೋಣ. ಲೂಕ 10ನೇ ಅಧ್ಯಾಯದಲ್ಲಿ ಯೇಸು ಹೇಳುವ ಒಳ್ಳೆಯ ಸಮಾರ್ಯದವನ ಸಾಮ್ಯ (ನೀತಿಕಥೆ). ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದವನನ್ನು ಕಳ್ಳರು ಹೊಡೆದು, ಬಟ್ಟೆ ಕಿತ್ತುಕೊಂಡು, ಅರೆಜೀವ ಮಾಡಿ ಬಿಟ್ಟು ಹೋಗುತ್ತಾರೆ. ಒಬ್ಬ ಯಾಜಕ ಬರುತ್ತಾನೆ, ನೋಡಿ ಆಚೆ ಮಗ್ಗುಲಲ್ಲಿ ಹೋಗುತ್ತಾನೆ. ಒಬ್ಬ ಲೇವಿಯ (ದೇವಾಲಯದ ಕೆಲಸಕ್ಕೆ ಮೀಸಲಾದ ಕುಲದವನು) ಬರುತ್ತಾನೆ, ಅವನೂ ಹಾಗೇ. ಕೊನೆಗೆ ಬಂದ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ವಾಹನದ ಮೇಲೆ ಹತ್ತಿಸಿಕೊಂಡು ಛತ್ರಕ್ಕೆ ಕರೆದೊಯ್ದು, ಕೈಯಿಂದ ದುಡ್ಡು ಕೊಟ್ಟು ಹೋಗುತ್ತಾನೆ.

ಮೊದಲು ನಕ್ಷೆ ತೆಗೆಯಿರಿ. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿಲೋಮೀಟರ್. ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಹೆಚ್ಚುಕಡಿಮೆ ಇಷ್ಟೇ ದೂರ. ಆದರೆ ಅಲ್ಲಿ ಕಬ್ಬಿನ ಗದ್ದೆಯೂ ಇಲ್ಲ, ಕಾಲುವೆಯೂ ಇಲ್ಲ. ಯೆರೂಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ. ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಅಂದರೆ ಆ ಅಷ್ಟೇ ದೂರದಲ್ಲಿ ಸಾವಿರ ಮೀಟರ್ ಇಳಿಜಾರು. ಚಾಮುಂಡಿ ಬೆಟ್ಟ ನಮ್ಮ ಊರಿನ ಮಟ್ಟದಿಂದ ಎದ್ದಿರುವುದು 300 ಮೀಟರ್ ಆಸುಪಾಸು. ಇದು ಅದರ ಮೂರುಪಟ್ಟಿಗೂ ಜಾಸ್ತಿ. ಸುತ್ತ ಬೋಳು ಗುಡ್ಡ, ಆಳವಾದ ಕಮರಿ, ಒಣ ಮರುಭೂಮಿ. ಕಳ್ಳರು ಅಡಗಿ ಕೂರುವುದಕ್ಕೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ಕಥೆಯಲ್ಲಿ "ಇಳಿದು" ಅನ್ನುವ ಮಾತು ಸುಮ್ನೆ ಬಂದದ್ದಲ್ಲ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಬೈಬಲ್ ಡಿಕ್ಷನರಿ. ಹೆಸರು ಡಿಕ್ಷನರಿ ಅಂತಿದ್ದರೂ ಇದು ಪದಕ್ಕೆ ಅರ್ಥ ಕೊಡುವ ಪುಸ್ತಕವಲ್ಲ. ಊರು, ಜನ, ಪ್ರಾಣಿ, ಹಬ್ಬ, ನಾಣ್ಯ, ಅಳತೆ ಎಲ್ಲಕ್ಕೂ ಪುಟ್ಟ ಪುಟ್ಟ ಲೇಖನಗಳಿರುವ ಪುಸ್ತಕ. ಅದರಲ್ಲಿ ಸಮಾರ್ಯದವರ ಬಗ್ಗೆ ತೆಗೆದು ನೋಡಿದರೆ ಸಿಗುವುದಿಷ್ಟು: ಇವರು ಯೆಹೂದ್ಯರಿಗೆ ದೂರದವರಲ್ಲ, ನೆಂಟಸ್ತಿಕೆಯೇ ಕೆಟ್ಟು ಹೋದವರು. ಮೋಶೆಯ ಐದು ಪುಸ್ತಕಗಳನ್ನು ಮಾತ್ರ ಒಪ್ಪುತ್ತಾರೆ. ಆರಾಧನೆಗೆ ಯೆರೂಸಲೇಮ್ ಅಲ್ಲ, ಗೆರಿಜ್ಜೀಮ್ ಬೆಟ್ಟವೇ ಸರಿ ಅನ್ನುತ್ತಾರೆ. ಆ ಬೆಟ್ಟದ ಮೇಲಿದ್ದ ಅವರ ದೇವಾಲಯವನ್ನು ಯೇಸು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮುಂಚೆ ಯೆಹೂದ್ಯ ಆಡಳಿತಗಾರ ಯೋಹಾನ ಹಿರ್ಕಾನಸ್ ಕೆಡವಿದ್ದ. ಗಾಯ ಹಳೆಯದು, ಮಾಗಿರಲಿಲ್ಲ. ಇನ್ನೊಂದು ವಿಷಯ, ಸಮಾರ್ಯದವರು ಕಥೆಯಲ್ಲಿ ಮಾತ್ರ ಇದ್ದವರಲ್ಲ. ಸಾವಿರಕ್ಕೂ ಕಡಿಮೆ ಜನರ ಪುಟ್ಟ ಸಮುದಾಯವಾಗಿ ಇವತ್ತಿಗೂ ಅದೇ ಬೆಟ್ಟದ ಮೇಲೆ ಪಸ್ಕ ಹಬ್ಬ ಮಾಡುತ್ತಾರೆ.

ಛತ್ರದವನಿಗೆ ಕೊಟ್ಟ ಎರಡು ನಾಣ್ಯ ಎಷ್ಟು ಬೆಲೆಯದು? ಅದೂ ಡಿಕ್ಷನರಿಯಲ್ಲಿದೆ. ಅದು ದಿನಾರಿ, ರೋಮನ್ನರ ಬೆಳ್ಳಿ ನಾಣ್ಯ. ಮತ್ತಾಯ 20ರಲ್ಲಿ ದ್ರಾಕ್ಷೇ ತೋಟದ ಆಳಿಗೆ ಒಂದು ದಿನದ ಕೂಲಿ ಒಂದು ದಿನಾರಿ. ಅಲ್ಲಿಗೆ ಗುರುತೇ ಇಲ್ಲದವನಿಗಾಗಿ ಎರಡು ದಿನದ ಕೂಲಿ ಕೊಟ್ಟು, ಜಾಸ್ತಿ ಆದರೆ ಬಂದು ಕೊಡ್ತೀನಿ ಅಂತ ಹೇಳಿ ಹೋದ.

ಮೂರನೆಯದು, ನಿಮ್ಮ ಬೈಬಲಿನ ಅಂಚಿನಲ್ಲೋ ಅಡಿಯಲ್ಲೋ ಸಣ್ಣ ಅಕ್ಷರದಲ್ಲಿ ಇರುವ ರೆಫರೆನ್ಸ್ ವಚನಗಳು. ಬಹಳ ಜನ ಇವನ್ನು ನೋಡುವುದೇ ಇಲ್ಲ. ಬಿಟ್ಟಿ ಸಿಕ್ಕ ವಸ್ತುವಿಗೆ ಬೆಲೆಯಿಲ್ಲ, ಅಲ್ವಾ? ಲೂಕ 9ರ 52, 53ನೇ ವಚನ ತೆಗೆಯಿರಿ. ಈ ಕಥೆ ಹೇಳುವ ಒಂದೇ ಒಂದು ಅಧ್ಯಾಯ ಹಿಂದೆ ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಊರೊಳಗೆ ಸೇರಿಸಿರುವುದಿಲ್ಲ. ಈ ಊರಿಗೆ ಬೆಂಕಿ ಬೀಳಿಸೋಣವೇ ಅಂತ ಶಿಷ್ಯರು ಕೇಳಿರುತ್ತಾರೆ. ಅದೇ ಶಿಷ್ಯರ ಎದುರಿಗೆ ಸಮಾರ್ಯದವನನ್ನು ಕಥಾನಾಯಕ ಮಾಡಿದ್ದಾರೆ.

ಇನ್ನೂ ಒಂದು ರೆಫರೆನ್ಸ್ ಇದೆ, ನನಗೆ ಬಹಳ ಇಷ್ಟವಾದದ್ದು. ಎರಡನೆಯ ಪೂರ್ವಕಾಲವೃತ್ತಾಂತ 28:15. ಯುದ್ಧದಲ್ಲಿ ಸೆರೆಸಿಕ್ಕ ಯೆಹೂದದವರಿಗೆ ಸಮಾರ್ಯದಲ್ಲಿ ಬಟ್ಟೆ ಕೊಡುತ್ತಾರೆ, ಊಟ ಕೊಡುತ್ತಾರೆ, ಎಣ್ಣೆ ಹಚ್ಚುತ್ತಾರೆ, ನಡೆಯಲಾಗದವರನ್ನು ಕತ್ತೆಗಳ ಮೇಲೆ ಕೂರಿಸಿ ಯೆರಿಕೋವಿಗೆ ತಂದು ಬಿಡುತ್ತಾರೆ. ಬಟ್ಟೆ, ಎಣ್ಣೆ, ವಾಹನ, ಯೆರಿಕೋ! ನನ್ನ ನೆರೆಯವನು ಯಾರು ಅಂತ ಕೇಳಿ ಯೇಸುವಿನಿಂದ ಈ ಕಥೆ ಹೇಳಿಸಿಕೊಂಡ ಧರ್ಮಶಾಸ್ತ್ರಿಗೆ ಇದು ನೆನಪಾಗಿರಬಹುದು. ಇದನ್ನು ಕಂಡುಕೊಳ್ಳುವುದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇಷ್ಟಾದ ಮೇಲೆ ವ್ಯಾಖ್ಯಾನ ತೆಗೆಯಿರಿ. ಆಗ ಗೊತ್ತಾಗುತ್ತದೆ ವ್ಯಾಖ್ಯಾನಗಳು ಒಂದಕ್ಕೊಂದು ಎಷ್ಟು ದೂರ ಅಂತ. ಆರಂಭಕಾಲದ ಸಭೆಯ ದೊಡ್ಡ ಗುರು ಸಂತ ಅಗಸ್ಟೀನರ ಪ್ರಕಾರ ಗಾಯಗೊಂಡವನು ಆದಾಮ. ಕಳ್ಳರು ಸೈತಾನ ಮತ್ತು ಅವನ ದೂತರು. ಯಾಜಕ, ಲೇವಿಯ ಅಂದರೆ ಹಳೆ ಒಡಂಬಡಿಕೆ. ಸಮಾರ್ಯದವನು ಕ್ರಿಸ್ತ, ಛತ್ರವೇ ಸಭೆ, ಛತ್ರದವನು ಪೌಲ. ಸಾವಿರ ವರ್ಷದಾಚೆ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಬಂದು, ಇದೆಲ್ಲ ವಚನದಲ್ಲಿ ಇಲ್ಲದ್ದನ್ನು ತುರುಕಿದ್ದು ಅಂದರು. ಇಬ್ಬರೂ ದೊಡ್ಡವರೇ. ಎರಡು ವ್ಯಾಖ್ಯಾನದಲ್ಲಿ ಯಾವುದೋ ಒಂದನ್ನು ಮಾತ್ರ ಕೊಂಡ ನಮ್ಮ ಓದುಗನಿಗೆ ಅದೇ ಬೈಬಲಿನ ಅರ್ಥ ಆಗಿಬಿಡುತ್ತದೆ.

ಹೊಸ ವ್ಯಾಖ್ಯಾನಗಳಲ್ಲೂ ಒಂದು ಮಾತು ಪದೇ ಪದೇ ಬರುತ್ತದೆ. ಯಾಜಕ ಹೆಣ ಮುಟ್ಟಿದರೆ ಮೈಲಿಗೆ ಆಗುತ್ತೆ ಅಂತ ಹೆದರಿ ದೂರ ಹೋದ ಅನ್ನುವುದು. ನಮ್ಮ ಕಡೆಯ ಪ್ರಸಂಗಗಳಲ್ಲೂ ಇದನ್ನು ಕೇಳುತ್ತಲೇ ಇರುತ್ತೇವೆ. ಯಾಜಕಕಾಂಡ 21ರಲ್ಲಿ ಆ ನಿಯಮ ಇರುವುದು ನಿಜ. ಆದರೆ ಲೂಕ 10ರ 31ನೇ ವಚನ ಇನ್ನೊಮ್ಮೆ ಓದಿ. ಯಾಜಕನೂ ಆ ದಾರಿಯಲ್ಲಿ "ಇಳಿದು" ಬರುತ್ತಿದ್ದ. ನಕ್ಷೆ ನೋಡಿದವರಿಗೆ ಗೊತ್ತು, ಇಳಿಯುವುದು ಅಂದರೆ ಯೆರೂಸಲೇಮ್ ಬಿಟ್ಟು ಬರುವುದು. ದೇವಾಲಯದ ಕಡೆ ಹೋಗುತ್ತಿದ್ದವನಲ್ಲ ಅವನು. ಆ ನಿಯಮ ಆರೋನನ ವಂಶದ ಯಾಜಕರಿಗೆ, ಲೇವಿಯರಿಗಲ್ಲ. ಮೇಲಾಗಿ ದಾರಿಯಲ್ಲಿ ಬಿದ್ದ ಅನಾಥ ಹೆಣವನ್ನು ಮಹಾಯಾಜಕನೇ ಆದರೂ ಮುಟ್ಟಿ ಮಣ್ಣು ಮಾಡಬಹುದು ಅಂತ ಯೆಹೂದ್ಯರ ಧರ್ಮನಿಯಮಗಳ ಹಳೆ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಮತ್ತೂ ಒಂದು, ಆ ಮನುಷ್ಯ ಸತ್ತೇ ಇರಲಿಲ್ಲ. ಒಂದು ಅಟ್ಲಾಸ್, ಒಂದು ಡಿಕ್ಷನರಿ ಓದಿದ ಸಾಮಾನ್ಯ ಓದುಗ ದಪ್ಪ ವ್ಯಾಖ್ಯಾನದ ಮಾತನ್ನು ಪ್ರಶ್ನಿಸುವ ಹಾಗಾಯಿತು. ನಾನು ವ್ಯಾಖ್ಯಾನ ಕಡೆಗಿರಲಿ ಅನ್ನುವುದು ಇದಕ್ಕೇ.

ಸರಿ, ವ್ಯಾಖ್ಯಾನ ಕೊಳ್ಳುವ ಹೊತ್ತು ಬಂತು ಅನ್ನಿ. ಹೊದಿಕೆ ನೋಡಬೇಡಿ, ಒಳಗಿನ ಮುದ್ರಣ ವಿವರದ ಪುಟ ನೋಡಿ. ಮೊದಲ ಮುದ್ರಣ ಯಾವ ವರ್ಷ? ಬರೆದವರು ಯಾವ ಸಭೆಯವರು? ಯಾರಿಗಾಗಿ ಬರೆದದ್ದು?

ವರ್ಷ ಯಾಕೆ ಮುಖ್ಯ ಅಂದರೆ, ಫೋನಿನ ಬೈಬಲ್ ಆ್ಯಪ್‌ಗಳಲ್ಲಿ ಪುಕ್ಕಟೆ ಸಿಗುವ ಪುಸ್ತಕಗಳು ಬಹುಪಾಲು ತುಂಬ ಹಳೆಯವು. ಮ್ಯಾಥ್ಯೂ ಹೆನ್ರಿಯ ವ್ಯಾಖ್ಯಾನ 18ನೇ ಶತಮಾನದ ಶುರುವಿನದ್ದು. ಅವರು ಅಪೊಸ್ತಲರ ಕೃತ್ಯಗಳವರೆಗೆ ಬರೆದು 1714ರಲ್ಲಿ ತೀರಿಕೊಂಡರು, ಉಳಿದದ್ದನ್ನು ಬೇರೆಯವರು ಮುಗಿಸಿದರು. ಈಸ್ಟನ್ ಡಿಕ್ಷನರಿ 1890ರ ದಶಕದ್ದು. ಇವು ಒಳ್ಳೆಯವು ಅಂತ ಆ್ಯಪ್‌ನವರು ಆರಿಸಿದ್ದಲ್ಲ, ಕಾಪಿರೈಟ್ ಮುಗಿದಿದೆ ಅಂತ ಹಾಕಿದ್ದು. ಮ್ಯಾಥ್ಯೂ ಹೆನ್ರಿಯನ್ನು ಭಕ್ತಿಗಾಗಿ ಓದಿ, ಬಹಳ ಸೊಗಸಾಗಿದೆ. ಇತಿಹಾಸಕ್ಕೆ ಅವರನ್ನು ನಂಬಬೇಡಿ. ಮೃತ ಸಮುದ್ರದ ಹತ್ತಿರದ ಗುಹೆಗಳಲ್ಲಿ ಸುರುಳಿಗಳು ಸಿಕ್ಕಿದ್ದು 1947ರಲ್ಲಿ. ಅಲ್ಲಿ ಸಿಕ್ಕ ಯೆಶಾಯನ ಸುರುಳಿ ಅದಕ್ಕೂ ಮುಂಚೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. "ದಾವೀದನ ಮನೆತನ" ಅನ್ನುವ ಮಾತಿರುವ ತೇಲ್ ದಾನ್ ಶಾಸನ ಸಿಕ್ಕಿದ್ದು 1993ರಲ್ಲಿ. ಇವೆಲ್ಲ ಆ ಹಿರಿಯರ ಕಣ್ಣಿಗೆ ಬಿದ್ದಿರಲಿಲ್ಲ.

ಎರಡನೆಯದು, ಯಾವ ಸಭೆಯವರು ಅನ್ನುವುದು. ಇದರಲ್ಲಿ ಮುಚ್ಚುಮರೆ ಬೇಡ. ಕ್ಯಾಥೊಲಿಕ್ ಪುಸ್ತಕವಾದರೆ ಸಾಮಾನ್ಯವಾಗಿ ಮೊದಲ ಪುಟಗಳಲ್ಲೇ ಬಿಷಪರ ಅನುಮತಿ ಅಚ್ಚಾಗಿರುತ್ತದೆ. 1909ರ ಸ್ಕೋಫೀಲ್ಡ್ ರೆಫರೆನ್ಸ್ ಬೈಬಲ್ ನಮ್ಮ ಕಡೆಯ ಅನೇಕ ಪ್ರಾರ್ಥನಾ ಸಭೆಗಳ ಮೇಲೆ, ಅದರ ಹೆಸರೂ ಕೇಳದವರ ಮೇಲೂ, ಪ್ರಭಾವ ಬೀರಿದೆ. ಇತಿಹಾಸವನ್ನೆಲ್ಲ ಏಳು ಯುಗಗಳಾಗಿ ಭಾಗ ಮಾಡಿ ನೋಡುವ ಕ್ರಮ ಅದರ ಟಿಪ್ಪಣಿಗಳ ತುಂಬ ಇದೆ. ಆ ಟಿಪ್ಪಣಿ ಇರುವುದು ವಚನದ ಕೆಳಗೇ, ಅದೇ ಪುಟದಲ್ಲಿ. ಸ್ಟಡಿ ಬೈಬಲ್‌ಗಳ ದೊಡ್ಡ ತೊಂದರೆ ಇದೇ. ಓದುತ್ತಾ ಓದುತ್ತಾ ಯಾವುದು ಪೌಲನ ಮಾತು, ಯಾವುದು ಸಂಪಾದಕನ ಮಾತು ಅನ್ನುವುದು ತಲೆಯಲ್ಲಿ ಕಲಸಿಹೋಗುತ್ತದೆ. ಸ್ಟಡಿ ಬೈಬಲ್ ಬೇಡ ಅಂತಲ್ಲ. ಕೊಂಡರೆ ವಚನವನ್ನು ಮೊದಲು ಟಿಪ್ಪಣಿಯಿಲ್ಲದ ಇನ್ನೊಂದು ಬೈಬಲಿನಲ್ಲಿ ಓದಿಕೊಳ್ಳಿ. ಕನ್ನಡದಲ್ಲಿ ಸಿಗುವ ಸ್ಟಡಿ ಬೈಬಲ್, ವ್ಯಾಖ್ಯಾನಗಳಲ್ಲಿ ಬಹಳಷ್ಟು ಇಂಗ್ಲಿಷಿನಿಂದ ಬಂದವು. ಮೂಲ ಲೇಖಕರ ಹೆಸರು, ಮೂಲದ ವರ್ಷ ಎಲ್ಲೂ ಹಾಕಿಲ್ಲ ಅಂದರೆ ಅಂಥದ್ದನ್ನು ವಾಪಸ್ ಇಡುವುದೇ ವಾಸಿ.

ಅಂಗಡಿಯಲ್ಲೇ ನಿಂತು ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಮಾರ್ಕ 16ನೇ ಅಧ್ಯಾಯ ತೆಗೆಯಿರಿ. ಅದರ 9ರಿಂದ 20ನೇ ವಚನಗಳು ನಾಲ್ಕನೇ ಶತಮಾನದ ಎರಡು ಮುಖ್ಯ ಗ್ರೀಕ್ ಹಸ್ತಪ್ರತಿಗಳಲ್ಲಿ, ಅಂದರೆ ಸಿನಾಯ್ಟಿಕಸ್ ಮತ್ತು ವ್ಯಾಟಿಕನಸ್‌ನಲ್ಲಿ, ಇಲ್ಲ. ಈ ಬಗ್ಗೆ ಪುಸ್ತಕ ಏನು ಹೇಳುತ್ತದೆ? ಕಷ್ಟವನ್ನು ಒಪ್ಪಿಕೊಂಡು, ಬೇರೆ ಬೇರೆ ಅಭಿಪ್ರಾಯ ಕೊಟ್ಟು, ತನ್ನದು ಇದು ಅಂತ ಹೇಳಿದರೆ ಕೊಳ್ಳಿ. ಏನೂ ಆಗಿಲ್ಲ ಅನ್ನುವ ಹಾಗೆ ಮುಂದೆ ಹೋದರೆ ಯೋಚನೆ ಮಾಡಿ. ನಿಮ್ಮ ಅಭಿಪ್ರಾಯಕ್ಕೆ ಅದು ಹೊಂದುತ್ತದೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಇಂಗ್ಲಿಷ್ ಓದುವವರಿಗೆ ಒಂದೇ ಸಂಪುಟದಲ್ಲಿ ಸಾಕು ಅನ್ನಿಸಿದರೆ, 2015ರಲ್ಲಿ ಬಂದ ಸೌತ್ ಏಷ್ಯಾ ಬೈಬಲ್ ಕಾಮೆಂಟರಿ ನೋಡಬಹುದು. ನಮ್ಮ ಸುತ್ತಮುತ್ತಲ ದೇಶಗಳ ಲೇಖಕರೇ ಬರೆದದ್ದು. ಹಾಗಾಗಿ ಜಾತಿ, ಅವಿಭಕ್ತ ಕುಟುಂಬ, ಹಲವು ಧರ್ಮಗಳ ನಡುವಿನ ಬದುಕು ಇದರಲ್ಲಿ ಬರುತ್ತದೆ. ಕ್ಯಾಥೊಲಿಕರಿಗೆ, ಸ್ವಲ್ಪ ಗಟ್ಟಿ ಓದು ಬೇಕು ಅನ್ನುವ ಯಾರಿಗಾದರೂ, 1990ರ ನ್ಯೂ ಜೆರೋಮ್ ಬಿಬ್ಲಿಕಲ್ ಕಾಮೆಂಟರಿ ಇದೆ. ಹೊಸಬರಿಗೆ ಅದು ಜೀರ್ಣವಾಗುವುದು ಕಷ್ಟ.

ಕ್ಯಾಥೊಲಿಕ್ ಅಂದಾಗ ನೆನಪಾಯಿತು. ಕ್ಯಾಥೊಲಿಕ್ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66. ಪ್ರೊಟೆಸ್ಟೆಂಟರು ಬರೆದ ಅನೇಕ ಕೈಪಿಡಿಗಳಲ್ಲಿ ತೋಬಿತ, ಮಕ್ಕಬಿಯರು ಇಂಥ ಪುಸ್ತಕಗಳಿಗೆ ವಿವರಣೆ ಸಿಗುವುದಿಲ್ಲ. ಇವು ಸಿಎಸ್‌ಐನವರಿಗೂ ಉಪಯೋಗಕ್ಕೆ ಬರುತ್ತವೆ. ಯೋಹಾನ 10:22ರಲ್ಲಿ ಚಳಿಗಾಲದಲ್ಲಿ ಬರುವ ಆಲಯ ಪ್ರತಿಷ್ಠೆಯ ಹಬ್ಬದ ಮಾತಿದೆ. ಆ ಹಬ್ಬ ಶುರುವಾದ ಕಥೆ ಇರುವುದು ಮಕ್ಕಬಿಯರ ಮೊದಲ ಪುಸ್ತಕದ 4ನೇ ಅಧ್ಯಾಯದಲ್ಲಿ. ಹಳೆ ಕ್ಯಾಥೊಲಿಕ್ ಪುಸ್ತಕ ಕೊಂಡವರು ಇನ್ನೊಂದು ವಿಷಯಕ್ಕೆ ಎಚ್ಚರವಾಗಿರಬೇಕು. ಅವುಗಳಲ್ಲಿ ಕೀರ್ತನೆಗಳ ನಂಬರ್ ಬಹಳಷ್ಟು ಕಡೆ ಒಂದು ಕಡಿಮೆ ಇರುತ್ತದೆ. ನಮಗೆ 23ನೇ ಕೀರ್ತನೆ ಆಗಿರುವ ಕುರುಬನ ಕೀರ್ತನೆ ಅಲ್ಲಿ 22. ಸಮುವೇಲನ ಎರಡು ಪುಸ್ತಕಗಳನ್ನು ಅಲ್ಲಿ ಅರಸುಗಳು 1, 2 ಅಂತ ಕರೆದಿರುವುದರಿಂದ, ನಮ್ಮ ಒಂದನೇ ಅರಸುಗಳು ಅಲ್ಲಿ ಮೂರನೇದು. ಪುಸ್ತಕ ತಪ್ಪು ಅಂತ ಬೈದುಕೊಳ್ಳಬೇಡಿ.

ಕನ್ಕಾರ್ಡೆನ್ಸ್ ಬಗ್ಗೆ ಎರಡು ಮಾತು ಸಾಕು. ಯಾವ ಪದ ಯಾವ ಯಾವ ವಚನದಲ್ಲಿ ಬಂದಿದೆ ಅಂತ ತೋರಿಸುವ ಪಟ್ಟಿ ಅದು. ಕ್ರೂಡೆನ್ 1737ರಲ್ಲಿ, ಸ್ಟ್ರಾಂಗ್ 1890ರಲ್ಲಿ ಮಾಡಿದ್ದು 1611ರ ಇಂಗ್ಲಿಷ್ ಬೈಬಲಿಗೆ. ಕನ್ನಡ ಬೈಬಲ್ ಓದುವವರು ದುಡ್ಡು ಕೊಟ್ಟು ಅವನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಫೋನಿನಲ್ಲಿ ಕನ್ನಡ ಬೈಬಲ್ ಹಾಕಿಕೊಂಡು ಹುಡುಕಿದರೆ ಆ ಕೆಲಸ ಆಗುತ್ತದೆ. ಆದರೆ ಹುಡುಕುವ ರೀತಿ ಗೊತ್ತಿರಬೇಕು. "ನೀರು" ಅಂತ ಟೈಪ್ ಮಾಡಿದರೆ "ನೀರಿನಲ್ಲಿ", "ನೀರನ್ನು" ಸಿಗುವುದಿಲ್ಲ. ಕೊನೆಯ ಕೊಂಬು ತೆಗೆದು "ನೀರ" ಅಂತ ಹಾಕಿ. ಪದದ ತುಂಡನ್ನೂ ಹುಡುಕುವ ಆ್ಯಪ್ ಆದರೆ ಎಲ್ಲಾ ರೂಪಗಳೂ ಬರುತ್ತವೆ. ಜೊತೆಗೆ "ನೀರಡಿಕೆ"ಯೂ ಬರುತ್ತದೆ, ಅದನ್ನು ನೀವೇ ಸೋಸಿಕೊಳ್ಳಬೇಕು. ಯಾವ ಅನುವಾದದಲ್ಲಿ ಹುಡುಕುತ್ತಿದ್ದೀರಿ ಅನ್ನುವುದೂ ನೆನಪಿರಲಿ. ಹಳೆಯ ಸತ್ಯವೇದದಲ್ಲಿ "ಯೆಹೋವ" ಇರುವ ಕಡೆ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್, ಅಂದರೆ ಸರಳ ಕನ್ನಡದ) ಅನುವಾದದಲ್ಲಿ "ಸರ್ವೇಶ್ವರ" ಇರುತ್ತದೆ. ಒಂದರಲ್ಲಿ ಅಪೊಸ್ತಲರ ಕೃತ್ಯಗಳು, ಇನ್ನೊಂದರಲ್ಲಿ ಪ್ರೇಷಿತರ ಕಾರ್ಯಕಲಾಪಗಳು. ಇವೆರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಳ್ಳುವುದೇ ಮೊದಲ ಖರೀದಿ ಅಂತ ನಾನು ಹೇಳುವುದು. ಎರಡೂ ಒಂದೇ ಥರ ಹೇಳುವ ಕಡೆ ನೆಮ್ಮದಿಯಾಗಿ ಮುಂದೆ ಹೋಗಿ. ಬೇರೆ ಬೇರೆ ಹೇಳುವ ಕಡೆ ನಿಂತು ಡಿಕ್ಷನರಿ ತೆಗೆಯಿರಿ.

ಹಳೆ ಸತ್ಯವೇದದ ಕನ್ನಡವೇ ತೊಡಕಾದರೆ ಕಿಟ್ಟೆಲ್ ನಿಘಂಟು ನೋಡಿ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅದನ್ನು 1894ರಲ್ಲಿ ಮಂಗಳೂರಿನಲ್ಲಿ ಹೊರತಂದರು. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಳೆ ಸತ್ಯವೇದದ ಕನ್ನಡವೂ ಕಿಟ್ಟೆಲ್ ಕಾಲದ ಕನ್ನಡವೂ ಒಂದಕ್ಕೊಂದು ಹತ್ತಿರ. ಹಾಗಾಗಿ ಈಗಿನ ಸಣ್ಣ ನಿಘಂಟುಗಳಲ್ಲಿ ಸಿಗದ ಪದ ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಗ್ರೀಕ್, ಹೀಬ್ರೂ ಪದಗಳನ್ನೂ ನೋಡಬೇಕು ಅನ್ನುವವರಿಗೆ ಸ್ಟೆಪ್ ಬೈಬಲ್ ಅಂತ ಒಂದು ವೆಬ್‌ಸೈಟ್ ಇದೆ. ಕೇಂಬ್ರಿಜ್‌ನ ಬೈಬಲ್ ಸಂಶೋಧನಾ ಕೇಂದ್ರ ಟಿಂಡೇಲ್ ಹೌಸ್‌ನಲ್ಲಿ ಶುರುವಾದದ್ದು, ದುಡ್ಡಿಲ್ಲ. ಒಂದೇ ಎಚ್ಚರಿಕೆ: ಪದದ ಮುಂದೆ ಏಳೆಂಟು ಅರ್ಥ ಕೊಟ್ಟಿದ್ದರೆ ಅವಿಷ್ಟೂ ಒಂದೇ ವಚನದಲ್ಲಿ ಇವೆ ಅಂತಲ್ಲ. ನಮಗೆ ಹಿಡಿಸಿದ ಅರ್ಥವನ್ನು ಹೆಕ್ಕಿಕೊಂಡು "ಗ್ರೀಕ್‌ನಲ್ಲಿ ಹೀಗಿದೆ" ಅಂತ ಪ್ರಸಂಗ ಮಾಡುವುದು ಸುಲಭ. ಕೇಳುವವರಿಗೂ ಖುಷಿ.

ಎಲ್ಲಿ ಕೊಳ್ಳುವುದು? ಕನ್ನಡ ಬೈಬಲಿನ ಬೇರೆ ಬೇರೆ ಮುದ್ರಣಗಳನ್ನು ಕೈಯಲ್ಲಿ ಹಿಡಿದು ನೋಡಬೇಕು ಅಂದರೆ ಬೆಂಗಳೂರಿನ ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಗೆ ಒಮ್ಮೆ ಹೋಗಿ ಬನ್ನಿ. ಮೈಸೂರು, ಮಂಡ್ಯದವರಿಗೆ ಬೆಳಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸ್. ಇಂಗ್ಲಿಷ್ ಪುಸ್ತಕಗಳಿಗೆ ಹಳೆ ಪುಸ್ತಕದಂಗಡಿ ಬಿಡಬೇಡಿ. ಡಿಕ್ಷನರಿ, ಅಟ್ಲಾಸ್ ಹಳೆಯದಾದರೂ 1970ರ ಈಚಿನದ್ದಾದರೆ ಕೆಲಸಕ್ಕೆ ಬರುತ್ತದೆ. ಬೆಟ್ಟ, ನದಿ ಎಲ್ಲೂ ಹೋಗಿರುವುದಿಲ್ಲ. ಉತ್ಖನನದ ವಿಷಯ ಮಾತ್ರ ಹೊಸ ಪುಸ್ತಕದಲ್ಲಿ ನೋಡಿಕೊಳ್ಳಿ. ನಿಮ್ಮ ಸಭೆಯ ಅಯ್ಯನವರ ಹತ್ತಿರವೋ ಫಾದರ್ ಹತ್ತಿರವೋ ಕೇಳಿದರೆ ಸೆಮಿನರಿ ಕಾಲದ ಪುಸ್ತಕಗಳು ಅವರ ಕಪಾಟಿನಲ್ಲೇ ಇರುತ್ತವೆ, ಓದುವುದಕ್ಕೆ ಕೊಟ್ಟಾರು.

ವ್ಯಾಖ್ಯಾನದ ಪೂರ್ತಿ ಸೆಟ್ ಕೊಳ್ಳುವ ಆಸೆ ಬಂದರೆ ತಡೆದುಕೊಳ್ಳಿ. ಒಂದೇ ಸೆಟ್ಟಿನಲ್ಲಿ ಆದಿಕಾಂಡಕ್ಕೆ ಚೆನ್ನಾಗಿ ಬರೆದವರು ಪ್ರಕಟನೆಗೂ ಚೆನ್ನಾಗಿ ಬರೆದಿರುತ್ತಾರೆ ಅಂತೇನಿಲ್ಲ. ಸಾಮಾನ್ಯವಾಗಿ ಸಂಪುಟಕ್ಕೊಬ್ಬರು ಲೇಖಕರು. ನಿಮ್ಮ ಗುಂಪು ಈ ವರ್ಷ ಆಮೋಸನನ್ನು ಓದುತ್ತಿದ್ದರೆ ಆಮೋಸನ ಮೇಲಿನ ಒಂದು ಸಂಪುಟ ತರಿಸಿ. ಆಗುವುದಾದರೆ ಇಬ್ಬರು ಸೇರಿ ಎರಡು ಬೇರೆ ಸಭೆಯವರು ಬರೆದ ಎರಡು ಸಂಪುಟ ತರಿಸಿ, ಅದಲುಬದಲು ಮಾಡಿಕೊಂಡು ಓದಿ. ಮುಂದಿನ ವರ್ಷ ರೂತಳ ಕಥೆ ಎತ್ತಿಕೊಂಡರೆ ಆಗ ಅದನ್ನು ನೋಡಿಕೊಳ್ಳೋಣ.